ಸೆಮಿಕೋಲನ್ ಹಾಕೋಕೆ ಉಸಿರು ಎಣಿಸಬೇಡಿ

ಪ್ರಶ್ನೆ: ಇಂಗ್ಲಿಷ್‌ನಲ್ಲಿ ‘ಹವೆವರ್’ (however, ಅಂದರೆ ‘ಆದರೂ’) ಬಂದಲ್ಲೆಲ್ಲ ಅದಕ್ಕೆ ಮುಂಚೆ ಸೆಮಿಕೋಲನ್ (;) ಹಾಕಿ ಅಂತ ಕೋಚಿಂಗ್‌ನಲ್ಲಿ ಹೇಳಿಕೊಟ್ಟರು. ಹಾಗೇ ಮಾಡಿದೆ, ಸ್ಯಾಟ್ (ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆ) ಮಾಕ್ ಟೆಸ್ಟ್‌ನಲ್ಲಿ ತಪ್ಪಾಯ್ತು. ಯಾಕೆ?

ಉತ್ತರ: ಇದೇ ಪ್ರಶ್ನೆಗೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ನೋಡಬೇಕಾದ್ದು ‘ಹವೆವರ್’ ಅನ್ನಲ್ಲ, ಅದರ ಆಚೆ ಈಚೆ ಏನಿದೆ ಅನ್ನೋದನ್ನ.

‘ದ ಟ್ರೇನ್ ವಾಸ್ ಲೇಟ್, ಹವೆವರ್, ವಿ ರೀಚ್ಡ್ ಆನ್ ಟೈಮ್.’ ‘ಹವೆವರ್’ ಮೇಲೆ ಬೆರಳಿಟ್ಟು ಮುಚ್ಚಿ. ಎಡಕ್ಕೊಂದು ಪೂರ್ತಿ ವಾಕ್ಯ, ಬಲಕ್ಕೊಂದು ಪೂರ್ತಿ ವಾಕ್ಯ. ‘ಲೇಟ್’ ಆದಮೇಲೆ ಸೆಮಿಕೋಲನ್ ಸರಿ. ಅಲ್ಲಿ ಬರೀ ಕಾಮಾ ಹಾಕಿದರೆ ಕಾಮಾ ಸ್ಪ್ಲೈಸ್ (ಎರಡು ಪೂರ್ತಿ ವಾಕ್ಯಗಳನ್ನು ಕಾಮಾದಿಂದ ಅಂಟಿಸುವ ತಪ್ಪು), ಮಾರ್ಕ್ಸ್ ಹೋಯ್ತು. ಈಗ ಇದನ್ನು ನೋಡಿ: ‘ದ ಡ್ರೈವರ್, ಹವೆವರ್, ವಾಸ್ ಕಾಮ್.’ ಮುಚ್ಚಿದರೆ ಎಡಕ್ಕೆ ಉಳಿಯೋದು ‘ದ ಡ್ರೈವರ್’ ಅಷ್ಟೇ. ಡ್ರೈವರ್ ಏನಾದ? ವಾಕ್ಯ ಇನ್ನೂ ಮುಗಿದಿಲ್ಲ, ಅಲ್ವಾ? ಅದಕ್ಕೇ ಎರಡೂ ಕಡೆ ಕಾಮಾ. ನೀವು ಎಡವಿದ್ದು ಬಹುಶಃ ಇಂಥದ್ದರಲ್ಲೇ.

‘ಉಸಿರು ಎಳೆಯುವಲ್ಲಿ ಕಾಮಾ, ಜಾಸ್ತಿ ನಿಲ್ಲುವಲ್ಲಿ ಸೆಮಿಕೋಲನ್’ ಅನ್ನುವ ಗುರುಗಳೂ ಇದ್ದಾರೆ. ಹಾಗಾದರೆ ಓಡಿ ಬಂದವನು ಪದಕ್ಕೊಂದು ಸೆಮಿಕೋಲನ್ ಹಾಕಬೇಕಾಗುತ್ತೆ.

ಇನ್ನೊಂದು ಉಪಾಯ ನಿಜಕ್ಕೂ ಕೆಲಸಕ್ಕೆ ಬರುತ್ತೆ. ಎರಡು ಆಯ್ಕೆಗಳಲ್ಲಿ ಎಲ್ಲಾ ಒಂದೇ ಇದ್ದು, ಒಂದರಲ್ಲಿ ಫುಲ್‌ಸ್ಟಾಪ್, ಇನ್ನೊಂದರಲ್ಲಿ ಅದೇ ಜಾಗಕ್ಕೆ ಸೆಮಿಕೋಲನ್ ಇದ್ದರೆ ಸಾಮಾನ್ಯವಾಗಿ ಎರಡೂ ತಪ್ಪು. ಎರಡೂ ಮಾಡೋದು ಒಂದೇ ಕೆಲಸ, ಸರಿಯುತ್ತರ ಎರಡಿರೋಕೆ ಆಗಲ್ಲ. ಆದರೂ ನಾನಂತೂ ವಾಕ್ಯದಲ್ಲಿರೋದು ಪಟ್ಟಿ ಅಲ್ಲ ಅಂತ ಖಾತ್ರಿಯಾಗದೆ ಆ ಎರಡನ್ನೂ ಹೊಡೆದು ಹಾಕಲ್ಲ. ಒಳಗೇ ಕಾಮಾ ಇರುವ ಹೆಸರುಗಳ ಪಟ್ಟಿಯಲ್ಲಿ, ಅಂದರೆ ‘ಪ್ಯಾರಿಸ್, ಫ್ರಾನ್ಸ್; ರೋಮ್, ಇಟಲಿ; ಅಂಡ್ ಟೋಕಿಯೊ, ಜಪಾನ್’ ಥರದ್ದರಲ್ಲಿ, ಪೂರ್ತಿ ವಾಕ್ಯ ಇಲ್ಲದಿದ್ದರೂ ಸೆಮಿಕೋಲನ್ ಬರುತ್ತೆ.

ಪ್ರಶ್ನೆ: ಪ್ಯಾರಲಲ್ ಸ್ಟ್ರಕ್ಚರ್ ಅಂದ್ರೆ ಎಲ್ಲಾ ಪದಕ್ಕೂ ‘ಐಎನ್‌ಜಿ’ ಸೇರಿಸೋದು ತಾನೆ?

ಉತ್ತರ: ಅಲ್ಲ. ಜೋಡಿಯಾಗಿ ಬರುವ ಭಾಗಗಳು ಒಂದೇ ರೂಪದಲ್ಲಿರಬೇಕು, ಅಷ್ಟೇ. ‘ಹಿ ನಾಟ್ ಓನ್ಲಿ ಸಿಂಗ್ಸ್ ಬಟ್ ಆಲ್ಸೊ ಡಾನ್ಸಸ್.’ ಐಎನ್‌ಜಿ ಎಲ್ಲಿದೆ ತೋರಿಸಿ. ‘ನಾಟ್ ಓನ್ಲಿ’ ಆದಮೇಲೆ ಕ್ರಿಯಾಪದ ಬಂದರೆ ‘ಬಟ್ ಆಲ್ಸೊ’ ಆದಮೇಲೂ ಕ್ರಿಯಾಪದವೇ ಬರಬೇಕು. ‘ಬಟ್ ಆಲ್ಸೊ ಎ ಡಾನ್ಸರ್’ ಅಂದರೆ ತಪ್ಪು.

ಪ್ರಶ್ನೆ: ಸೆಮಿಕೋಲನ್ ಹಳೇ ಕಾಲದ್ದು. ಓದದೆ ಬಿಡಬಹುದಾ?

ಉತ್ತರ: 15ನೇ ಶತಮಾನದ ಕೊನೆಗೆ ವೆನಿಸ್‌ನ ಮುದ್ರಕ ಆಲ್ಡಸ್ ಮನುಟಿಯಸ್ ಅಚ್ಚು ಹಾಕಿದ್ದನ್ನು ಸ್ಯಾಟ್ ಪರೀಕ್ಷೆ ಇವತ್ತಿಗೂ ಕೇಳುತ್ತೆ. ಬಿಡಬೇಡಿ.

ಪ್ರಶ್ನೆ: ಸೆಮಿಕೋಲನ್ ಆದಮೇಲೆ ಕ್ಯಾಪಿಟಲ್ ಅಕ್ಷರ ಬೇಕಾ?

ಉತ್ತರ: ಬೇಡ. ಹೆಸರೋ ‘ಐ’ಯೋ ಬಂದರೆ ಮಾತ್ರ.