ಆರು ಏರ್‌ಬ್ಯಾಗ್ ಇದ್ದ ಮೇಲೆ ಭಯವೇಕೆ? – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಭಾವಮೈದುನ ಆರು ಏರ್‌ಬ್ಯಾಗ್, ಎಬಿಎಸ್, ಐದು ಸ್ಟಾರ್ ಎಲ್ಲ ಇರುವ ಹೊಸ ಕಾರು ತೆಗೆದುಕೊಂಡಿದ್ದಾನೆ. ಹಳೆಯ ಕಾರಿನಲ್ಲಿ ಮೈಸೂರಿಗೆ 80ರಲ್ಲಿ ಹೋಗುತ್ತಿದ್ದವನು ಈಗ 120 ದಾಟಿಸುತ್ತಾನೆ. ಹೇಳಿದರೆ, ‘ಈ ಗಾಡಿಗೆ ಏನೂ ಆಗಲ್ಲ ಬಿಡಿ’ ಅನ್ನುತ್ತಾನೆ. ಇಷ್ಟೆಲ್ಲ ಸಲಕರಣೆಯಿಂದ ಪ್ರಯಾಣ ನಿಜಕ್ಕೂ ಸುರಕ್ಷಿತವಾಗುತ್ತದೆಯೇ, ಇಲ್ಲ ಧೈರ್ಯ ಮಾತ್ರ ಹೆಚ್ಚುತ್ತದೆಯೇ?
– ಓದುಗರು, ವಿಜಯನಗರ

ಉತ್ತರ: ಸಲಕರಣೆ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನ ಬೇಡ. ಸೀಟ್ ಬೆಲ್ಟ್ ಒಂದೇ ಮುಂದೆ ಕೂತವರ ಸಾವಿನ ಅಪಾಯವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 16,715 ಜನ ಬೆಲ್ಟ್ ಹಾಕಿರಲಿಲ್ಲ, 50,029 ಜನ ಹೆಲ್ಮೆಟ್ ಹಾಕಿರಲಿಲ್ಲ.

ಆದರೆ ನಿಮ್ಮ ಭಾವಮೈದುನ ಮಾಡುತ್ತಿರುವುದೂ ಹೊಸದಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಜ್‌ಮನ್ 1975ರಲ್ಲೇ ಇದನ್ನು ಎತ್ತಿ ತೋರಿಸಿದರು. ಕಾರು ಸುರಕ್ಷಿತವಾದಷ್ಟೂ ಚಾಲಕ ಆ ಲಾಭವನ್ನು ವೇಗಕ್ಕೆ ಖರ್ಚು ಮಾಡುತ್ತಾನೆ, ಕಾರಿನೊಳಗೆ ಉಳಿದ ಜೀವಗಳಿಗೆ ಬದಲಾಗಿ ಹೊರಗೆ ನಡೆದು ಹೋಗುವವರ ಜೀವ ಹೋಗುತ್ತದೆ ಎಂಬುದು ಅವರ ವಾದ. ಮುಂದೆ ನಡೆದ ಅಧ್ಯಯನಗಳು ಲಾಭವೆಲ್ಲ ಹೀಗೆ ಸೋರಿ ಹೋಗುತ್ತದೆ ಎಂಬುದನ್ನು ಒಪ್ಪಲಿಲ್ಲ. ಬೆಲ್ಟಿನ ಲಾಭ ಗಟ್ಟಿಯಾಗಿ ಉಳಿಯಿತು. ಗಕ್ಕನೆ ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವ ಎಬಿಎಸ್ ಕಥೆ ಮಾತ್ರ ಬೇರೆ. 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಒಂದೇ ಸಂಸ್ಥೆಯ ಟ್ಯಾಕ್ಸಿಗಳಲ್ಲಿ ಕೆಲವಕ್ಕೆ ಎಬಿಎಸ್ ಕೊಟ್ಟು, ಕೆಲವಕ್ಕೆ ಕೊಡದೆ ನೋಡಿದರು. ಎರಡೂ ಗುಂಪಿನ ಅಪಘಾತಗಳು ಹೆಚ್ಚುಕಡಿಮೆ ಸಮನಾಗಿದ್ದವು. ಎಬಿಎಸ್ ಇದ್ದ ಚಾಲಕರು ಮುಂದಿನ ವಾಹನಕ್ಕೆ ಇನ್ನಷ್ಟು ಅಂಟಿಕೊಂಡು, ತಿರುವಿನಲ್ಲಿ ಇನ್ನಷ್ಟು ಜೋರಾಗಿ ಓಡಿಸುತ್ತಿದ್ದರು.

ಈ ವ್ಯತ್ಯಾಸಕ್ಕೆ ಕಾರಣ ಸರಳ. ಬೆಲ್ಟು, ಏರ್‌ಬ್ಯಾಗು ಡಿಕ್ಕಿಯಾಗುವವರೆಗೆ ಸುಮ್ಮನಿರುತ್ತವೆ, ಓಡಿಸುವವನ ಅನುಭವಕ್ಕೇ ಬರುವುದಿಲ್ಲ. ಬ್ರೇಕಿನ ಗುಣ ಹಾಗಲ್ಲ, ದಿನವೂ ಕಾಲಿಗೆ ತಿಳಿಯುತ್ತದೆ. ತಿಳಿದಿದ್ದನ್ನು ಮನುಷ್ಯ ಬಳಸಿಕೊಂಡುಬಿಡುತ್ತಾನೆ.

ಈಗ ವೇಗದ ಲೆಕ್ಕ ನೋಡೋಣ. ಒಣ ಡಾಂಬರು, ಒಳ್ಳೆಯ ಟೈರು, ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಎಂದುಕೊಂಡರೂ 60 ಕಿ.ಮೀ. ವೇಗದ ಕಾರು ನಿಲ್ಲಲು ಸುಮಾರು 37 ಮೀಟರ್ ಬೇಕು, 80ರ ಕಾರಿಗೆ 58 ಮೀಟರ್. ಎರಡೂ ಕಾರು ಒಂದೇ ಜಾಗದಲ್ಲಿ ಅಡ್ಡಬಂದ ಹಸುವನ್ನು ಕಂಡವು ಎನ್ನಿ. 60ರ ಕಾರು ಪೂರ್ತಿ ನಿಂತ ಜಾಗದಲ್ಲಿ 80ರ ಕಾರು ಇನ್ನೂ 60ರ ಆಸುಪಾಸಿನ ವೇಗದಲ್ಲೇ ಇರುತ್ತದೆ. ಇದರಲ್ಲಿ ಎಬಿಎಸ್ ಏನೂ ಮಾಡಲಾರದು. ಚಕ್ರ ಲಾಕ್ ಆಗದಂತೆ ತಡೆದು ಸ್ಟೀರಿಂಗ್ ನಿಮ್ಮ ಮಾತು ಕೇಳುವಂತೆ ಇಡುವುದಷ್ಟೇ ಅದರ ಕೆಲಸ. ಜಲ್ಲಿ, ಮಣ್ಣಿನ ಮೇಲೆ ನಿಲ್ಲುವ ದೂರ ಹೆಚ್ಚುವುದೂ ಉಂಟು.

ಐದು ಸ್ಟಾರಿನ ಬಗ್ಗೆಯೂ ಒಂದು ಮಾತು. ಕಾರುಗಳನ್ನು ಡಿಕ್ಕಿ ಹೊಡೆಸಿ ನೋಡಿ ಸ್ಟಾರ್ ಕೊಡುವ, 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಭಾರತ್ ಎನ್‌ಕ್ಯಾಪ್‌ನಲ್ಲಿ ಮುಂಭಾಗದ ಡಿಕ್ಕಿಯನ್ನು ಪರೀಕ್ಷಿಸುವುದು ಗಂಟೆಗೆ 64 ಕಿ.ಮೀ. ವೇಗದಲ್ಲಿ. ಮೈಸೂರು ಎಕ್ಸ್‌ಪ್ರೆಸ್‌ವೇಯ ಮಿತಿಯಾದ 100ರಲ್ಲೇ ಡಿಕ್ಕಿಯ ಶಕ್ತಿ ಅದರ ಸುಮಾರು ಎರಡೂವರೆ ಪಟ್ಟು, 120ರಲ್ಲಿ ಮೂರೂವರೆ ಪಟ್ಟು. ಆ ವೇಗಕ್ಕೆ ಯಾರೂ ಸ್ಟಾರ್ ಕೊಟ್ಟಿಲ್ಲ. ಅವರು ಕೊಂಡ ಕಾರು ಒಳ್ಳೆಯದೇ. ಹಳೆಯ 80ರಲ್ಲೇ ಓಡಿಸಿದರೆ ಕೊಟ್ಟ ದುಡ್ಡಿನ ಪೂರ್ತಿ ಫಲ ಅವರಿಗೂ, ರಸ್ತೆ ದಾಟುವವರಿಗೂ ಸಿಗುತ್ತದೆ. 2022ರಲ್ಲಿ ಸತ್ತವರಲ್ಲಿ 32,825 ಮಂದಿ ಪಾದಚಾರಿಗಳು. ಕಾರಿನೊಳಗಿನ ಆರು ಏರ್‌ಬ್ಯಾಗುಗಳಲ್ಲಿ ಒಂದೂ ಅವರಿಗಾಗಿ ಇಲ್ಲ.

ಪ್ರಶ್ನೆ: ನಾವು ಓಡಾಡುವುದೆಲ್ಲ ಬೆಂಗಳೂರಿನೊಳಗೆ. ಸಿಲ್ಕ್ ಬೋರ್ಡ್ ಕಡೆ 40 ದಾಟುವುದೇ ಅಪರೂಪ. ಹಿಂದೆ ಕೂತವರಿಗೂ ಬೆಲ್ಟ್ ಬೇಕೇ? ಒಂದೂವರೆ ವರ್ಷದ ಮಗುವನ್ನು ಅತ್ತೆಯವರು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ. ಗಟ್ಟಿಯಾಗಿ ಹಿಡಿದುಕೊಂಡರೆ ಸಾಲದೇ?
– ಓದುಗರು, ಎಚ್‌ಎಸ್‌ಆರ್ ಬಡಾವಣೆ

ಉತ್ತರ: ಸಾಲದು ತಾಯಿ. ಇದನ್ನು ದಯವಿಟ್ಟು ಇವತ್ತೇ ನಿಲ್ಲಿಸಿ.

40 ಕಿ.ಮೀ. ವೇಗದ ಡಿಕ್ಕಿ ಎಂದರೆ ಆರು ಮೀಟರ್ ಎತ್ತರದಿಂದ, ಎರಡನೇ ಮಹಡಿಯಿಂದ ಬಿದ್ದ ಹಾಗೆ. ಕಾರು ಅರ್ಧ ಮೀಟರಿನಲ್ಲಿ ನಿಂತಿತು ಎಂದುಕೊಂಡರೆ 10 ಕೆ.ಜಿ. ಮಗುವನ್ನು ಹಿಡಿದಿಡಲು ಸುಮಾರು 125 ಕೆ.ಜಿ. ಹಿಡಿಯುವಷ್ಟು ಬಲ ಬೇಕು. ಯಾವ ಅಜ್ಜಿಯ ಕೈಗೂ, ಪೈಲ್ವಾನನ ಕೈಗೂ ಅದು ಆಗದು. ಅದರ ಮೇಲೆ, ಮುಂದಿನ ಏರ್‌ಬ್ಯಾಗ್ ಸೆಕೆಂಡಿನ ಮೂವತ್ತನೇ ಒಂದು ಭಾಗದಲ್ಲಿ ಉಬ್ಬಿ ಬರುತ್ತದೆ. ದೊಡ್ಡವರ ಎದೆಗೆಂದು ಮಾಡಿದ ಆ ಹೊಡೆತ ತೊಡೆಯ ಮೇಲಿನ ಮಗುವಿನ ತಲೆಗೆ ಬೀಳುತ್ತದೆ.

ಮಗುವಿಗೆ ಬೇಕಾದದ್ದು ಮಕ್ಕಳಿಗೆಂದೇ ಮಾಡಿದ ಸೀಟು (ಚೈಲ್ಡ್ ಸೀಟ್), ಅದು ಹಿಂದಿನ ಸಾಲಿನಲ್ಲೇ ಇರಬೇಕು. ಈ ವಯಸ್ಸಿಗೆ ಮಗುವಿನ ಮುಖ ಕಾರಿನ ಹಿಂಭಾಗಕ್ಕೆ ತಿರುಗಿರುವ ಸೀಟು ಉತ್ತಮ, ಏಕೆಂದರೆ ಮಗುವಿನ ತಲೆ ಭಾರ, ಕತ್ತು ಎಳಸು. ಹೊಡೆತ ಬೆನ್ನಿಗೆಲ್ಲ ಹಂಚಿಹೋಗುತ್ತದೆ. ಅಂಥ ಸೀಟನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿಗೆ ಎಂದಿಗೂ ಕಟ್ಟಬೇಡಿ. ನಿಮ್ಮ ಕಾರಿನ ಹಿಂದಿನ ಸೀಟು ಮತ್ತು ಒರಗಿನ ನಡುವೆ ಬೆರಳು ತೂರಿಸಿದರೆ ಕಬ್ಬಿಣದ ಎರಡು ಕೊಂಡಿ ಸಿಗಬಹುದು, ಮಗುವಿನ ಸೀಟನ್ನು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳು ಅವೇ. ಕೂರಿಸಿದ ಮೇಲೆ ಸೀಟನ್ನು ಬುಡದಲ್ಲಿ ಹಿಡಿದು ಅಲ್ಲಾಡಿಸಿ, ಒಂದು ಇಂಚಿಗಿಂತ ಹೆಚ್ಚು ಸರಿಯಬಾರದು. ಮಗುವಿನ ಹೆಗಲ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿದರೆ ಮಡಿಕೆ ಸಿಗಬಾರದು, ಸಿಕ್ಕಿದರೆ ಸಡಿಲವಾಗಿದೆ. ದಪ್ಪ ಸ್ವೆಟರ್ ತೊಡಿಸಿ ಕಟ್ಟಿದರೂ ಒಳಗೆ ಸಡಿಲವೇ.

ಇನ್ನು ಹಿಂದಿನ ಬೆಲ್ಟು: ಕಾನೂನಿನಲ್ಲೂ ಕಡ್ಡಾಯ, ಲೆಕ್ಕದಲ್ಲೂ ಕಡ್ಡಾಯ. ಬೆಲ್ಟಿಲ್ಲದೆ ಹಿಂದೆ ಕೂತವರು ಮುಂದಿನವರ ಬೆನ್ನಿಗೆ ಬಡಿದು ಅವರನ್ನೂ ಕೊಲ್ಲಬಲ್ಲರು. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಗರ್ಭಿಣಿಯರು ಹೊಟ್ಟೆಯ ಕೆಳಗೆ ಎಳೆದುಕೊಳ್ಳಬೇಕು. ಮೇಲಿನದು ಹೆಗಲ ಮೂಳೆಯ ಮೇಲೆ ಹಾಯಬೇಕು, ಕಂಕುಳಡಿ ತೂರಿಸಿದರೆ ಪಕ್ಕೆಲುಬು ಮುರಿಯುತ್ತದೆ.

ಪ್ರಶ್ನೆ: ನನ್ನ 110 ಸಿ.ಸಿ. ಸ್ಕೂಟರಿಗೆ ಎಬಿಎಸ್ ಇಲ್ಲ, ಸಿಬಿಎಸ್ ಇದೆ ಎಂದರು. ಎಡಗಡೆ ಬ್ರೇಕ್ ಒಂದನ್ನೇ ಹಿಡಿದರೆ ಸಾಕೇ? ಮತ್ತೆ, ಪೊಲೀಸರಿಗೆ ತೋರಿಸಲು ರಸ್ತೆ ಬದಿಯ ಟೋಪಿಯಂಥ ಹೆಲ್ಮೆಟ್ ಹಾಕುತ್ತೇನೆ. ಪೂರ್ತಿ ಹೆಲ್ಮೆಟ್ ಸೆಕೆ.
– ಓದುಗರು, ಪೀಣ್ಯ

ಉತ್ತರ: 2019ರ ಏಪ್ರಿಲ್‌ನಲ್ಲಿ 125 ಸಿ.ಸಿ. ಮೇಲಿನ ಗಾಡಿಗಳಿಗೆ ಎಬಿಎಸ್, 125 ಸಿ.ಸಿ.ವರೆಗಿನವಕ್ಕೆ ಕನಿಷ್ಠ ಸಿಬಿಎಸ್ ಕಡ್ಡಾಯವಾಯಿತು. ಸಿಬಿಎಸ್‌ನಲ್ಲಿ ಎಡಗೈ ಲಿವರ್ ಒತ್ತಿದಾಗ ಹಿಂದಿನ ಬ್ರೇಕಿನ ಜೊತೆ ಮುಂದಿನದೂ ಒಂದಿಷ್ಟು ಹಿಡಿಯುತ್ತದೆ. ಒಂದಿಷ್ಟು ಮಾತ್ರ. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಿನ ಚಕ್ರಕ್ಕೆ ವಾಲುವುದರಿಂದ ನಿಲ್ಲಿಸುವ ಶಕ್ತಿಯ ದೊಡ್ಡ ಪಾಲು ಅಲ್ಲೇ ಇದೆ. ತುರ್ತಾಗಿ ನಿಲ್ಲಿಸಲು ಎರಡೂ ಲಿವರ್ ಒಟ್ಟಿಗೆ ಹಿಡಿಯಿರಿ, ಮೊದಲು ಮೆತ್ತಗೆ, ನಂತರ ಬಿಗಿಯಾಗಿ, ಹ್ಯಾಂಡಲ್ ನೆಟ್ಟಗೆ. ಸಿಬಿಎಸ್ ಚಕ್ರ ಲಾಕ್ ಆಗುವುದನ್ನು ತಡೆಯದು. ಹಾಗಾಗಿ ಬೇಸಿಗೆಯ ಮೊದಲ ಮಳೆಗೆ ಎಣ್ಣೆ, ಧೂಳು ಕಲೆತ ರಸ್ತೆಯಲ್ಲಿ, ಮ್ಯಾನ್‌ಹೋಲ್ ಮುಚ್ಚಳ, ಬಿಳಿ ಪಟ್ಟಿಗಳ ಮೇಲೆ ಮುಂದಿನ ಬ್ರೇಕನ್ನು ಗಕ್ಕನೆ ಹಿಡಿಯಬಾರದು. ಕೇಬಲ್ ಕಾಲಕ್ರಮೇಣ ಹಿಗ್ಗಿ ಲಿವರ್ ಸಡಿಲಾಗುತ್ತದೆ. ತುದಿಯಲ್ಲಿ ಸಾಮಾನ್ಯವಾಗಿ 10ರಿಂದ 20 ಮಿ.ಮೀ. ಖಾಲಿ ಆಟ ಇದ್ದರೆ ಸರಿ, ಅದಕ್ಕೂ ಹೆಚ್ಚಾದರೆ ಸರ್ವೀಸಿನವರಿಂದ ಬಿಗಿ ಮಾಡಿಸಿ.

ಹೆಲ್ಮೆಟ್ ಪೊಲೀಸರಿಗಲ್ಲ. ಜೀವ ಉಳಿಸುವುದು ಹೊರಗಿನ ಚಿಪ್ಪಿಗಿಂತ ಒಳಗಿನ ದಪ್ಪ ಥರ್ಮಕೋಲ್ ಪದರ. ಪೆಟ್ಟಿಗೆ ಅದು ಕುಗ್ಗಿ, ತಲೆ ಒಮ್ಮೆಲೇ ನಿಲ್ಲದಂತೆ ಮಾಡುತ್ತದೆ. ಟೋಪಿ ಹೆಲ್ಮೆಟಿನಲ್ಲಿ ಆ ಪದರವೇ ಇರುವುದಿಲ್ಲ, ಇದ್ದರೂ ಕಾಟಾಚಾರಕ್ಕೆ. ಸರಿಯಾದ ಹೆಲ್ಮೆಟ್ ಸಾವಿನ ಅಪಾಯವನ್ನು ಶೇ. 42ರಷ್ಟು, ತಲೆಪೆಟ್ಟಿನ ಅಪಾಯವನ್ನು ಶೇ. 69ರಷ್ಟು ಇಳಿಸುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಮಾಡಿದ ಪರಿಶೀಲನೆ ಕಂಡುಕೊಂಡಿದೆ. 2021ರ ಜೂನ್ 1ರಿಂದ ಐಎಸ್‌ಐ ಮುದ್ರೆ ಇಲ್ಲದ ದ್ವಿಚಕ್ರ ಹೆಲ್ಮೆಟ್ ಮಾರುವುದೇ ಕಾನೂನುಬಾಹಿರ. ಮುದ್ರೆಯ ಜೊತೆ ‘ಐಎಸ್ 4151’ ಎಂದಿದೆಯೇ ನೋಡಿ.

ಅಂಗಡಿಗೆ ಹೋಗುವ ಮೊದಲು ಹುಬ್ಬಿನ ಸ್ವಲ್ಪ ಮೇಲೆ ಟೇಪು ಸುತ್ತಿ ಅಳತೆ ತೆಗೆದುಕೊಳ್ಳಿ. ಹಾಕಿಕೊಂಡು ಹೆಲ್ಮೆಟನ್ನು ಅತ್ತಿತ್ತ ತಿರುಗಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಎಳೆಯಬೇಕು. ಪಟ್ಟಿ ಬಿಗಿದು ಹಿಂದಿನಿಂದ ಮೇಲಕ್ಕೆತ್ತಿ ತಳ್ಳಿದಾಗ ಕಳಚಿ ಬಂದರೆ ಆ ಅಳತೆ ಬೇಡ. ಒಮ್ಮೆ ತಲೆಯ ಸಮೇತ ನೆಲಕ್ಕೆ ಬಡಿದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಎಸೆಯಿರಿ, ಕುಗ್ಗಿದ ಪದರ ಮತ್ತೆ ಉಬ್ಬುವುದಿಲ್ಲ. ಸೆಕೆಗೆ ಗಾಳಿಕಿಂಡಿ ಇರುವುದನ್ನು ಆರಿಸಿ, ಸಿಗ್ನಲ್ಲಿನಲ್ಲಿ ಗಾಜು ಎತ್ತಿ. ಗದ್ದ ಮುಚ್ಚುವ ಹೆಲ್ಮೆಟನ್ನೇ ಕೊಳ್ಳಿ, ಬಿದ್ದಾಗ ಮುಖವೂ ನೆಲಕ್ಕೆ ತಾಗುತ್ತದೆ.

ಪ್ರಶ್ನೆ: ಜೆ.ಸಿ. ರಸ್ತೆಯಲ್ಲಿ ಕಾರಿನ ಮುಂದೆ ದಪ್ಪ ಕಬ್ಬಿಣದ ಗಾರ್ಡ್, ಹೊಸ ಸೀಟ್ ಕವರ್ ಹಾಕಿಸಬೇಕೆಂದಿದ್ದೇನೆ. ಸುರಕ್ಷತೆ ಹೆಚ್ಚುತ್ತದಲ್ಲವೇ?
– ಓದುಗರು, ಬಸವನಗುಡಿ

ಉತ್ತರ: ಗಾರ್ಡ್ ಹಾಕಿಸಬೇಡಿ, ಕಡಿಮೆಯೇ ಆಗುತ್ತದೆ. ಕಾರಿನ ಮುಂಭಾಗ ಲೆಕ್ಕ ಹಾಕಿ ಮುದುಡುವಂತೆ ಮಾಡಿರುತ್ತಾರೆ. ಗಾರ್ಡ್ ಆ ಹೊಡೆತವನ್ನು ನೇರ ಚಾಸಿಗೆ ದಾಟಿಸಿ ಏರ್‌ಬ್ಯಾಗ್ ಸೆನ್ಸರಿನ ಲೆಕ್ಕ ತಪ್ಪಿಸುತ್ತದೆ. ಪಾದಚಾರಿಗೆ ತಗುಲಿದರಂತೂ ಮೂಳೆ ಪುಡಿ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಇವುಗಳ ವಿರುದ್ಧ ರಾಜ್ಯಗಳಿಗೆ ಬರೆದಿದೆ. ಸೀಟಿನ ಪಕ್ಕದಲ್ಲಿ ‘ಏರ್‌ಬ್ಯಾಗ್’ ಎಂಬ ಚೀಟಿ ಇದ್ದರೆ ಆ ಬದಿ ಹೊಲಿಗೆ ಬಿಚ್ಚಿಕೊಳ್ಳುವಂತೆ ಮಾಡಿದ ಕವರೇ ಬೇಕು, ಇಲ್ಲದಿದ್ದರೆ ಕವರೇ ಬೇಡ. ಬೆಲ್ಟಿನ ಬೀಪ್ ನಿಲ್ಲಿಸುವ ಕ್ಲಿಪ್ ಯಾರಾದರೂ ಪುಕ್ಕಟೆ ಕೊಟ್ಟರೂ ತರಬೇಡಿ.

ಪ್ರಶ್ನೆ: 2012ರ ಹ್ಯಾಚ್‌ಬ್ಯಾಕ್ ಇದೆ, ಏರ್‌ಬ್ಯಾಗ್ ಇಲ್ಲ. ಹೊರಗಿನ ಗ್ಯಾರೇಜಿನಲ್ಲಿ ಏರ್‌ಬ್ಯಾಗ್ ಹಾಕಿಸಿಕೊಳ್ಳಬಹುದೇ? ಇಲ್ಲವಾದರೆ ಏರ್‌ಬ್ಯಾಗ್ ಇರುವ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಏನು ನೋಡಬೇಕು?
– ಓದುಗರು, ಯಲಹಂಕ

ಉತ್ತರ: ಹಾಗೆ ಹೊರಗೆ ಹಾಕಿಸಲಾಗದು. ಚೀಲ ಒಂದೇ ಅಲ್ಲ. ಸೆನ್ಸರು, ಕಂಟ್ರೋಲ್ ಯೂನಿಟ್, ಸ್ಟೀರಿಂಗ್, ಬೆಲ್ಟನ್ನು ಕ್ಷಣದಲ್ಲಿ ಬಿಗಿಯುವ ಪ್ರಿಟೆನ್ಷನರ್ ಎಲ್ಲ ಆ ಮಾದರಿಯ ಕಾರಿಗೆಂದೇ ಹೊಂದಿಸಿರುತ್ತಾರೆ. ಆ ದುಡ್ಡನ್ನು ಟೈರು, ಬ್ರೇಕಿಗೆ ಹಾಕಿ. ಟೈರಿನ ಗೆರೆಗಳೊಳಗಿನ ಉಬ್ಬು ಗುರುತಿನ ಮಟ್ಟಕ್ಕೆ, ಅಂದರೆ 1.6 ಮಿ.ಮೀ.ಗೆ ಸವೆದರೆ ಬದಲಿಸಿ. ಮಳೆಗಾಲಕ್ಕೆ ಅದಕ್ಕೂ ಮೊದಲೇ. ಟೈರಿನ ಪಕ್ಕದಲ್ಲಿ ‘2319’ ಎಂಬಂತೆ ನಾಲ್ಕು ಅಂಕಿ ಇರುತ್ತದೆ: 2019ರ 23ನೇ ವಾರ ತಯಾರಾದದ್ದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನಂದಿಬೆಟ್ಟದಂಥ ಇಳಿಜಾರಿನಲ್ಲಿ ಬಿಸಿಯೇರಿ ಆ ನೀರು ಕುದ್ದರೆ ಪೆಡಲ್ ಮೆತ್ತಗಾಗಿ ಕೆಳಗಿಳಿದುಬಿಡುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಬೆಲ್ಟನ್ನು ಪೂರ್ತಿ ಎಳೆದು ಅಂಚು ಜೂಲಾಗಿದೆಯೇ ನೋಡಿ, ಗಕ್ಕನೆ ಎಳೆದರೆ ಹಿಡಿದುಕೊಳ್ಳಬೇಕು.

ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಕೀಲಿ ತಿರುಗಿಸಿ, ಎಂಜಿನ್ ಹಚ್ಚದೆ ಮೀಟರ್ ಬೋರ್ಡ್ ನೋಡಿ. ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡ್ ಹತ್ತಿ ಆರಬೇಕು. ಆರದಿದ್ದರೆ ದೋಷವಿದೆ. ಹತ್ತದೇ ಹೋದರೆ ಇನ್ನೂ ಕೆಟ್ಟದ್ದು: ಡಿಕ್ಕಿಯಲ್ಲಿ ಒಡೆದ ಚೀಲವನ್ನು ಹಾಗೇ ಮುಚ್ಚಿ, ದೀಪದ ತಂತಿ ಕಿತ್ತಿರುವ ಸಾಧ್ಯತೆ ಇದೆ. ಎಬಿಎಸ್ ದೀಪವನ್ನೂ ಹೀಗೇ ನೋಡಿ. ಸ್ಟೀರಿಂಗ್ ನಡುವಿನ ಮುಚ್ಚಳದ ಬಣ್ಣ, ಡ್ಯಾಶ್‌ಬೋರ್ಡಿನ ಬಣ್ಣ ಬೇರೆಬೇರೆ ಕಂಡರೆ, ಬೆಲ್ಟಿನ ಮೇಲಿನ ತಯಾರಿಕಾ ವರ್ಷ ಕಾರಿನ ವರ್ಷಕ್ಕಿಂತ ಹೊಸದಾಗಿದ್ದರೆ ಕಾರಣ ಕೇಳಿ. ಒಪ್ಪುವ ಉತ್ತರ ಬರದಿದ್ದರೆ ಕಂಪನಿ ಸರ್ವೀಸ್ ಸೆಂಟರಿಗೆ ಒಯ್ದು ಸ್ಕ್ಯಾನರ್ ಹಾಕಿಸಿ ಏರ್‌ಬ್ಯಾಗ್ ಯೂನಿಟ್ ಓದಿಸಿ. ಮುಂಗಡ ಕೊಡುವುದು ಅದಾದ ಮೇಲೆ.