ಶೋಪೆನ್‌ಹಾವರ್‌ನನ್ನು ಎಲ್ಲಿಂದ ಓದಲು ತೊಡಗಬೇಕು ಎಂಬ ಪ್ರಶ್ನೆಗೆ

ನಮಸ್ಕಾರ. ಜರ್ಮನ್ ತತ್ತ್ವಜ್ಞಾನಿ ಶೋಪೆನ್‌ಹಾವರ್‌ನ ಮುಖ್ಯ ಗ್ರಂಥವಾದ ‘ದಿ ವರ್ಲ್ಡ್ ಆಸ್ ವಿಲ್ ಅಂಡ್ ರೆಪ್ರೆಸೆಂಟೇಶನ್’ನ ಎರಡೂ ಸಂಪುಟಗಳನ್ನು ಕೊಂಡು ಮೂರು ವಾರವಾದರೂ ಐವತ್ತು ಪುಟ ದಾಟಲಾಗಲಿಲ್ಲ ಎಂದು ಬರೆದಿದ್ದೀರಿ. ಎಲ್ಲಿಂದ ಆರಂಭಿಸಬೇಕು, ಆತ ಹೇಳುವುದು ನಮ್ಮ ವೇದಾಂತದಲ್ಲಿ ಮತ್ತು ಬೌದ್ಧರಲ್ಲಿ ಇರುವುದೇ ಅಲ್ಲವೇ, ಮನಸ್ಸನ್ನು ಇಷ್ಟು ಭಾರವಾಗಿಸುವ ಬರಹವನ್ನು ಮುಂದುವರಿಸಬೇಕೇ ಎಂಬ ಮೂರು ಪ್ರಶ್ನೆಗಳನ್ನೂ ಕೇಳಿದ್ದೀರಿ. ಈ ಮೂರೂ ತೊಡಕುಗಳು ಬಹುಮಟ್ಟಿಗೆ ಒಂದೇ ಪದದಿಂದ ಹುಟ್ಟಿವೆ ಎಂದು ನನಗೆ ಅನ್ನಿಸುತ್ತದೆ. ಆ ಪದ ‘ವಿಲ್ಲೆ’, ಅಂದರೆ ನಾವು ಸಾಮಾನ್ಯವಾಗಿ ‘ಇಚ್ಛೆ’ ಎಂದು ಕನ್ನಡಿಸುವ ಜರ್ಮನ್ ಮಾತು. ಅದಕ್ಕೆ ಬರುವ ಮೊದಲು ಓದುವ ಕ್ರಮದ ಬಗ್ಗೆ ಹೇಳಿಬಿಡುತ್ತೇನೆ.

ನೀವು ನಿಂತುಹೋದದ್ದು ನಿಮ್ಮ ಅಸಾಮರ್ಥ್ಯದಿಂದಲ್ಲ. ಮೊದಲ ಸಂಪುಟದಲ್ಲಿ ನಾಲ್ಕು ಭಾಗಗಳೂ ಒಟ್ಟು 71 ಪರಿಚ್ಛೇದಗಳೂ ಇವೆ. ಮೊದಲ ಭಾಗದ 16 ಪರಿಚ್ಛೇದಗಳು ಜ್ಞಾನಮೀಮಾಂಸೆಗೆ, ಅಂದರೆ ನಾವು ಲೋಕವನ್ನು ಹೇಗೆ ಅರಿಯುತ್ತೇವೆ ಎಂಬ ವಿಚಾರಕ್ಕೆ, ಸೇರಿದವು. ಆತನಿಗಿಂತ ಹಿಂದಿನ ಜರ್ಮನ್ ತತ್ತ್ವಜ್ಞಾನಿ ಕಾಂಟ್‌ನ ಪರಿಚಯವಿಲ್ಲದವರಿಗೆ ಅವು ಬೀಗ ಹಾಕಿದ ಬಾಗಿಲಿನಂತೆ ಕಾಣುತ್ತವೆ. ತನ್ನ ಪುಸ್ತಕವನ್ನು ಎರಡು ಸಲ ಓದಬೇಕು, ಅದಕ್ಕೂ ಮೊದಲು 1813ರ ತನ್ನ ಪ್ರೌಢಪ್ರಬಂಧವನ್ನು ಓದಿರಬೇಕು, ಕಾಂಟ್‌ನನ್ನು ಬಲ್ಲವರಾಗಿರಬೇಕು ಎಂದು ಶೋಪೆನ್‌ಹಾವರ್ ಮೊದಲ ಮುದ್ರಣದ ಮುನ್ನುಡಿಯಲ್ಲೇ ಷರತ್ತು ಹಾಕಿದ್ದಾನೆ. ಆದರೆ ಅದೇ ಮುನ್ನುಡಿಯಲ್ಲಿ ಇನ್ನೊಂದು ಮಾತೂ ಇದೆ. ಈ ಇಡೀ ಗ್ರಂಥ ಹೇಳುವುದು ಒಂದೇ ಆಲೋಚನೆಯನ್ನು. ಇದು ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಯಲ್ಲ, ಜೀವಂತ ದೇಹದಂತೆ ಪ್ರತಿ ಅಂಗವೂ ಉಳಿದೆಲ್ಲ ಅಂಗಗಳನ್ನು ಆಧರಿಸಿರುವಂಥದ್ದು ಎಂಬುದು ಅದರ ತಾತ್ಪರ್ಯ. ಹಾಗಿದ್ದ ಮೇಲೆ ನಡುವಿನಿಂದ ಒಳಹೊಕ್ಕರೆ ಗ್ರಂಥಕ್ಕೆ ಅನ್ಯಾಯವಾಗುವುದಿಲ್ಲ ಎಂದೇ ನಾನು ನಂಬಿದ್ದೇನೆ.

ನಾನು ಸೂಚಿಸುವ ಕ್ರಮ ಹೀಗಿದೆ. ಮೊದಲ ಪರಿಚ್ಛೇದವನ್ನು ಮಾತ್ರ ಓದಿ, ‘ಲೋಕವೆಂಬುದು ನನ್ನ ಪ್ರತೀತಿ’ (ಅಂದರೆ ನನ್ನ ಅರಿವಿಗೆ ತೋರುವ ರೂಪ) ಎಂಬ ಆರಂಭದ ವಾಕ್ಯವನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ನೇರವಾಗಿ ಎರಡನೆಯ ಭಾಗಕ್ಕೆ, ಅಂದರೆ 17ರಿಂದ 29ರವರೆಗಿನ ಪರಿಚ್ಛೇದಗಳಿಗೆ ಹೋಗಿ. ಅಲ್ಲಿಂದ ಮೂರನೆಯ ಭಾಗದ 38 ಮತ್ತು 52, ಆಮೇಲೆ ನಾಲ್ಕನೆಯ ಭಾಗದ 56ರಿಂದ 59, ಮತ್ತೆ 66ರಿಂದ 71. ದಿನಕ್ಕೆ ಒಂದೇ ಪರಿಚ್ಛೇದ ಸಾಕು. ಇಷ್ಟು ಮುಗಿದ ಮೇಲೆ ಮೊದಲ ಭಾಗಕ್ಕೆ ಹಿಂತಿರುಗಿದರೆ, ಈಗ ಒಣಗಿದಂತೆ ತೋರುವ ಆ ಪುಟಗಳು ಏನನ್ನು ಸಿದ್ಧಪಡಿಸುತ್ತಿದ್ದವು ಎಂಬುದು ತಾನಾಗಿ ತಿಳಿಯುತ್ತದೆ. 50 ಅಧ್ಯಾಯಗಳ ಎರಡನೆಯ ಸಂಪುಟ 1844ರಲ್ಲಿ ಮೊದಲನೆಯದಕ್ಕೆ ಪೂರಕವಾಗಿ ಬಂದದ್ದು. ಅದು ಸದ್ಯಕ್ಕೆ ಕಪಾಟಿನಲ್ಲೇ ಇರಲಿ ಬಿಡಿ.

ಈಗ ಆ ಪದದ ವಿಚಾರ. ಕನ್ನಡದಲ್ಲಿ ‘ಇಚ್ಛೆ’ ಎಂದ ಕೂಡಲೇ ಇಚ್ಛಿಸುವ ಒಬ್ಬ ವ್ಯಕ್ತಿ ಮತ್ತು ಅವನು ಇಚ್ಛಿಸಿದ ಒಂದು ವಸ್ತು ಕಣ್ಣ ಮುಂದೆ ಬರುತ್ತವೆ. ‘ಸಂಕಲ್ಪ’ ಎಂದರೆ ಇನ್ನೂ ದೂರ ಹೋದಂತೆ, ಏಕೆಂದರೆ ಅದರಲ್ಲಿ ತಿಳಿದು, ನಿಶ್ಚಯಿಸಿ, ನೀರು ಬಿಟ್ಟು ತೊಡಗುವ ಅರ್ಥವಿದೆ. ‘ಇಚ್ಛಾಶಕ್ತಿ’ಯನ್ನು ಪತ್ರಿಕೆಗಳು ಆಡಳಿತಗಾರರಿಗೆ ಇಲ್ಲದ ಸದ್ಗುಣ ಎಂಬಂತೆ ಬಳಸಿ ಬಳಸಿ ಅದೊಂದು ಹೊಗಳಿಕೆಯ ಮಾತಾಗಿದೆ. ಶೋಪೆನ್‌ಹಾವರ್ ಹೇಳುವುದು ಇವುಗಳಲ್ಲಿ ಯಾವುದನ್ನೂ ಅಲ್ಲ. ಗೊತ್ತು ಗುರಿಯಿಲ್ಲದ, ಅರಿವು ಮೂಡುವುದಕ್ಕೆ ಮೊದಲೇ ಇರುವ, ತಣಿಯದ ಒಂದು ಒತ್ತಡವನ್ನು ಆತ ಆ ಹೆಸರಿನಿಂದ ಕರೆಯುತ್ತಾನೆ. ನನ್ನ ಟಿಪ್ಪಣಿಗಳಲ್ಲಿ ನಾನು ಅದನ್ನು ‘ತುಡಿತ’ ಎಂದು ಬರೆದುಕೊಂಡೆ. ತುಡಿತಕ್ಕೆ ಕರ್ತೃ ಬೇಕಿಲ್ಲ. ಗಾಯವೂ ತುಡಿಯುತ್ತದೆ, ಎದೆಯೂ ತುಡಿಯುತ್ತದೆ. ನೀವು ಓದುವಾಗ ಇಂಗ್ಲಿಷಿನ ‘ವಿಲ್’ ಬಂದಲ್ಲೆಲ್ಲ ‘ತುಡಿತ’ ಎಂದು ಮನಸ್ಸಿನಲ್ಲೇ ಬದಲಾಯಿಸಿ ನೋಡಿ. ಅನೇಕ ವಾಕ್ಯಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ಆತ ಈ ತುಡಿತವನ್ನು ಕಂಡುಕೊಂಡ ಸ್ಥಳ ದೇಹ. 18ನೆಯ ಪರಿಚ್ಛೇದವನ್ನು ನಾನು ಇಡೀ ಗ್ರಂಥದ ಹೆಬ್ಬಾಗಿಲು ಎಂದು ಭಾವಿಸುತ್ತೇನೆ. ನನ್ನ ಕೈ ಎಲ್ಲ ವಸ್ತುಗಳಂತೆ ನನ್ನ ಕಣ್ಣಿಗೆ ಕಾಣುವ ಒಂದು ವಸ್ತು. ಆದರೆ ಮೇಜಿನ ವಿಷಯದಲ್ಲಿ ಇಲ್ಲದ ಇನ್ನೊಂದು ದಾರಿಯಿಂದಲೂ ನನಗೆ ಅದು ಗೊತ್ತು, ಏಕೆಂದರೆ ನಾನು ಅದನ್ನು ಒಳಗಿನಿಂದ ಬಲ್ಲೆ. ಕೈ ಎತ್ತಬೇಕೆನ್ನುವುದು ಕಾರಣ, ಕೈ ಎದ್ದದ್ದು ಅದರ ಪರಿಣಾಮ ಎಂದು ಆತ ಹೇಳುವುದಿಲ್ಲ. ಎರಡೂ ಒಂದೇ ಸಂಗತಿ, ಒಳಗಿನಿಂದ ತುಡಿತವಾಗಿಯೂ ಹೊರಗಿನಿಂದ ಚಲನೆಯಾಗಿಯೂ ತೋರುತ್ತಿದೆ ಎನ್ನುತ್ತಾನೆ. 20ನೆಯ ಪರಿಚ್ಛೇದದಲ್ಲಿ ಇದನ್ನೇ ಮುಂದಕ್ಕೆ ಕೊಂಡೊಯ್ದು, ಹಲ್ಲು, ಗಂಟಲು ಮತ್ತು ಕರುಳು ರೂಪ ತಳೆದ ಹಸಿವು ಎಂದು ಬರೆಯುತ್ತಾನೆ. 23ರಲ್ಲಿ ಒಂದು ವರ್ಷದ ಹಕ್ಕಿಯ ಮಾತು ಬರುತ್ತದೆ: ತಾನಿನ್ನೂ ಇಡದ ಮೊಟ್ಟೆಗಳ ಕಲ್ಪನೆಯೇ ಅದಕ್ಕಿಲ್ಲ, ಆದರೂ ಗೂಡು ಕಟ್ಟುತ್ತದೆ. ತುಡಿತಕ್ಕೆ ಅರಿವು ಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ. ಒಂದೇ ತುಡಿತ ಎಲ್ಲ ಜೀವಗಳಲ್ಲೂ ಇರುವುದರಿಂದ ಅದು ತನ್ನನ್ನೇ ತಾನು ತಿನ್ನುತ್ತದೆ ಎಂಬುದಕ್ಕೆ 27ರಲ್ಲಿ ಆಸ್ಟ್ರೇಲಿಯದ ಒಂದು ಬಗೆಯ ಇರುವೆಯನ್ನು ತೋರಿಸುತ್ತಾನೆ. ಅದನ್ನು ಎರಡು ತುಂಡು ಮಾಡಿದರೆ ತಲೆಯ ಭಾಗ ಬಾಲವನ್ನು ಕಚ್ಚುತ್ತದೆ, ಬಾಲದ ಭಾಗ ತಲೆಯನ್ನು ಕುಟುಕುತ್ತದೆ.

ಇಷ್ಟು ಮನಸ್ಸಿಗೆ ಇಳಿದರೆ, ದುಃಖದ ಬಗ್ಗೆ ಆತ ಹೇಳುವುದು ಮುನಿಸಿಕೊಂಡವನ ಮಾತಾಗಿ ಕೇಳಿಸುವುದಿಲ್ಲ. ತುಡಿತವೆಂದರೆ ಕೊರತೆ, ಕೊರತೆಯೆಂದರೆ ನೋವು. ಬಯಸಿದ್ದು ಸಿಕ್ಕ ಕ್ಷಣ ನೋವು ನಿಲ್ಲುತ್ತದೆ, ಆದರೆ ತುಡಿತ ನಿಲ್ಲುವುದಿಲ್ಲವಾದ್ದರಿಂದ ಇನ್ನೊಂದು ಬಯಕೆ ಹುಟ್ಟುತ್ತದೆ. ಹುಟ್ಟದಿದ್ದರೆ ಬೇಸರ ಬಂದು ಕೂರುತ್ತದೆ. ಬದುಕು ಲೋಲಕದಂತೆ ನೋವು ಮತ್ತು ಬೇಸರಗಳ ನಡುವೆ ತೂಗುತ್ತದೆ ಎಂಬ ಪ್ರಸಿದ್ಧ ಮಾತು 57ನೆಯ ಪರಿಚ್ಛೇದದ್ದು. ಅದೇ ಪರಿಚ್ಛೇದದಲ್ಲಿ, ಸಾಮಾನ್ಯ ಗೃಹಸ್ಥರ ಬಾಳಿನಲ್ಲಿ ವಾರದ ಆರು ದಿನಗಳು ಕೊರತೆಯ ಪಾಲು, ಭಾನುವಾರ ಬೇಸರದ ಪಾಲು ಎಂದೂ ಬರೆದಿದ್ದಾನೆ. 58ರಲ್ಲಿ, ಸುಖವೆಂಬುದು ಅಭಾವರೂಪವಾದದ್ದು, ಯಾವುದೋ ನೋವು ಇಲ್ಲದಿರುವುದಷ್ಟೇ ಎಂಬ ವಾದವಿದೆ. 1851ರ ಪ್ರಬಂಧಗಳಲ್ಲಿ ಇದಕ್ಕೆ ಆತ ಕೊಡುವ ನಿದರ್ಶನ ನಮ್ಮ ಆಡುಮಾತಿಗೆ ಬಹಳ ಹತ್ತಿರದ್ದು: ಇಡೀ ಮೈ ಆರೋಗ್ಯವಾಗಿರುವುದು ನಮ್ಮ ಗಮನಕ್ಕೆ ಬರುವುದಿಲ್ಲ, ಚಪ್ಪಲಿ ಕಚ್ಚುವ ಒಂದು ಚೂರು ಜಾಗ ಮಾತ್ರ ಗಮನಕ್ಕೆ ಬರುತ್ತದೆ.

ಇದು ಕುರ್ಚಿಯಲ್ಲಿ ಕುಳಿತು ಹೊಸೆದ ವಿಚಾರವೂ ಅಲ್ಲ. 1788ರಲ್ಲಿ ಡಾಂಟ್ಸಿಗ್‌ನಲ್ಲಿ, ಅಂದರೆ ಈಗ ಪೋಲೆಂಡಿಗೆ ಸೇರಿದ ಗ್ಡಾನ್ಸ್ಕ್ ಬಂದರಿನಲ್ಲಿ, ಶ್ರೀಮಂತ ವ್ಯಾಪಾರಿಯ ಮಗನಾಗಿ ಹುಟ್ಟಿದ ಈತ, ಹದಿಹರೆಯದಲ್ಲಿ ತಂದೆ ತಾಯಿಯರೊಂದಿಗೆ ಯುರೋಪ್ ಸುತ್ತುತ್ತಿದ್ದಾಗ, 1804ರಲ್ಲಿ ಫ್ರಾನ್ಸಿನ ತೂಲೋನ್‌ನಲ್ಲಿ ಸರಪಳಿ ತೊಟ್ಟ ಕೈದಿಗಳನ್ನು ಕಂಡು ತನ್ನ ದಿನಚರಿಯಲ್ಲಿ ಬರೆದುಕೊಂಡ. ಮರುವರ್ಷ ತಂದೆ ತೀರಿಕೊಂಡರು. ಮೂವತ್ತರ ವಯಸ್ಸಿನ ಹೊತ್ತಿಗೆ, ಡ್ರೆಸ್ಡೆನ್‌ನಲ್ಲಿ ನಾಲ್ಕು ವರ್ಷ ಕುಳಿತು ಬರೆದ ಈ ಗ್ರಂಥ 1818ರ ಕೊನೆಯಲ್ಲಿ ಪ್ರಕಟವಾಯಿತು. ಅದರ ಬಹಳಷ್ಟು ಪ್ರತಿಗಳು ರದ್ದಿ ಕಾಗದದ ಪಾಲಾದವು.

ನಿಮ್ಮ ಎರಡನೆಯ ಪ್ರಶ್ನೆ ನಮ್ಮಂಥ ಓದುಗರಿಗೆ ಮುಖ್ಯವಾದದ್ದು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಆತ ಉಪನಿಷತ್ತುಗಳನ್ನು ಓದಿದ್ದು ಲ್ಯಾಟಿನ್‌ನಲ್ಲಿ. ಮೊಘಲ್ ರಾಜಕುಮಾರ ದಾರಾ ಶಿಕೋಹ್ 1657ರಲ್ಲಿ ಪರ್ಷಿಯನ್ ಭಾಷೆಗೆ ತರಿಸಿದ 50 ಉಪನಿಷತ್ತುಗಳನ್ನು ಆಂಕೆತಿಲ್ ದ್ಯುಪೆರೋನ್ ಎಂಬ ಫ್ರೆಂಚ್ ವಿದ್ವಾಂಸ ಲ್ಯಾಟಿನ್‌ಗೆ ತಂದು 1801–02ರಲ್ಲಿ ‘ಔಪ್ನೆಖಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದ್ದ. ಶೋಪೆನ್‌ಹಾವರ್ 1814ರಲ್ಲಿ ಅದನ್ನು ವೈಮಾರ್‌ನ ಗ್ರಂಥಾಲಯದಿಂದ ಎರವಲು ಪಡೆದ. ಅದು ತನ್ನ ಬಾಳಿನ ಸಮಾಧಾನವಾಗಿತ್ತು, ಸಾವಿನ ಸಮಾಧಾನವೂ ಆಗಲಿದೆ ಎಂದು ಮುಂದೆ ಬರೆದ. ಮಾಯೆಯ ಮುಸುಕು, ‘ತತ್ತ್ವಮಸಿ’ ಎಂಬ ಮಾತುಗಳು ಗ್ರಂಥದಲ್ಲಿ ಪದೇ ಪದೇ ಬರುತ್ತವೆ. ಇದನ್ನೆಲ್ಲ ನೋಡಿ ನಮಗೆ ಸಂತೋಷವಾಗುವುದು ಸಹಜ. ಆದರೆ ಆ ಸಂತೋಷದಲ್ಲಿ ಒಂದು ಭೇದವನ್ನು ಮರೆಯಬಾರದು. ವೇದಾಂತದಲ್ಲಿ ಮುಸುಕು ಸರಿದರೆ ಕಾಣುವ ಬ್ರಹ್ಮ ಸತ್, ಚಿತ್, ಆನಂದ. ಇಲ್ಲಿ ಮುಸುಕು ಸರಿದರೆ ಕಾಣುವ ತುಡಿತಕ್ಕೆ ಚಿತ್ತೂ ಇಲ್ಲ, ಆನಂದವೂ ಇಲ್ಲ. ಅದು ಕುರುಡು ಹಸಿವು. ಆದ್ದರಿಂದ ವೇದಾಂತಿಗೆ ಲೋಕದ ಮೂಲದೊಡನೆ ಒಂದಾಗುವುದೇ ಬಿಡುಗಡೆಯಾದರೆ, ಶೋಪೆನ್‌ಹಾವರ್‌ಗೆ ಆ ಮೂಲಕ್ಕೆ ಬೆನ್ನು ಮಾಡುವುದು ಬಿಡುಗಡೆ. ಬೌದ್ಧರ ತೃಷ್ಣೆ ಇದಕ್ಕೆ ಹೆಚ್ಚು ಹತ್ತಿರ, ಆದರೂ ತೃಷ್ಣೆ ಕಾರಣಗಳ ಸರಪಳಿಯಲ್ಲಿ ಒಂದು ಕೊಂಡಿಯೇ ಹೊರತು ಲೋಕದ ತಿರುಳಲ್ಲ. ಎರಡನೆಯ ಸಂಪುಟದ 19ನೆಯ ಅಧ್ಯಾಯದಲ್ಲಿ, ಬುದ್ಧಿ ಮತ್ತು ತುಡಿತಗಳ ಸಂಬಂಧವನ್ನು ಆತ ಬಲಿಷ್ಠ ಕುರುಡನೊಬ್ಬ ಕಣ್ಣಿರುವ ಕುಂಟನನ್ನು ಹೆಗಲ ಮೇಲೆ ಹೊತ್ತಂತೆ ಎಂದು ವರ್ಣಿಸುತ್ತಾನೆ. ಸಾಂಖ್ಯದರ್ಶನದ ಗ್ರಂಥವಾದ ಸಾಂಖ್ಯಕಾರಿಕೆಯ ಪಂಗು–ಅಂಧ, ಅಂದರೆ ಕುಂಟ–ಕುರುಡರ, ದೃಷ್ಟಾಂತವನ್ನು ಬಲ್ಲ ನಿಮಗೆ ಅದು ಥಟ್ಟನೆ ನೆನಪಾದೀತು. ಆದರೆ ಅಲ್ಲಿ ಕುಂಟನಾದ ಪುರುಷ ಶುದ್ಧ ಚೈತನ್ಯ, ಇಲ್ಲಿ ಕುಂಟನಾದ ಬುದ್ಧಿ ಕುರುಡನ ಸೇವಕ. ಹೋಲಿಕೆಯನ್ನು ಕಂಡಷ್ಟೇ ಗಮನವಿಟ್ಟು ಈ ವ್ಯತ್ಯಾಸವನ್ನೂ ಗುರುತು ಹಾಕಿಕೊಳ್ಳಿ ಎಂದು ಕೋರುತ್ತೇನೆ.

ಮನಸ್ಸು ಭಾರವಾಗುವ ಬಗ್ಗೆ. ನಾನು ಮೊದಲ ಸಲ ಈತನನ್ನು ಓದಿದ್ದು ಒಂದು ಸಣ್ಣ ಆಯ್ದ ಸಂಗ್ರಹದಲ್ಲಿ. ಅದರಲ್ಲಿ ದುಃಖದ ಹರಿತವಾದ ವಾಕ್ಯಗಳಷ್ಟೇ ಕೈಗೆ ಸಿಕ್ಕಿದ್ದರಿಂದ ಹಲವು ತಿಂಗಳು ಕಹಿಯಾಗಿಯೇ ಉಳಿದೆ. ವರ್ಷಗಳ ನಂತರ, ನನ್ನ ತಾಯಿ ಹಾಸಿಗೆ ಹಿಡಿದಿದ್ದ ದಿನಗಳಲ್ಲಿ, ರಾತ್ರಿ ಅವರ ಪಕ್ಕದಲ್ಲಿ ಕುಳಿತು ಮೂಲಗ್ರಂಥವನ್ನು ಕ್ರಮವಾಗಿ ಓದಿದಾಗ 66 ಮತ್ತು 67ನೆಯ ಪರಿಚ್ಛೇದಗಳಿಗೆ ತಲುಪಿದೆ. ನನಗೂ ಇನ್ನೊಬ್ಬರಿಗೂ ನಡುವೆ ಇರುವ ಗೋಡೆ ತೋರಿಕೆಯದು, ಒಂದೇ ತುಡಿತ ಇಬ್ಬರಲ್ಲೂ ನೋಯುತ್ತಿದೆ ಎಂದು ಕಂಡವನಿಗೆ ಇನ್ನೊಬ್ಬರ ನೋವು ತನ್ನದಾಗುತ್ತದೆ, ನಿಜವಾದ ಪ್ರೀತಿಯೆಲ್ಲವೂ ಕರುಣೆಯೇ ಎಂದು ಅಲ್ಲಿ ಹೇಳಿದ್ದಾನೆ. ಅಳುವೆಂಬುದು ತನ್ನ ಮೇಲೆ ತನಗೇ ಹುಟ್ಟುವ ಕರುಣೆ ಎಂಬ ವಿವರಣೆಯೂ ಅಲ್ಲಿದೆ. ಆ ಪುಟವನ್ನು ಓದಿದ ರಾತ್ರಿ ನಾನು ಬಹಳ ದಿನಗಳಿಂದ ತಡೆದುಕೊಂಡಿದ್ದ ಅಳು ಬಂತು, ಆಮೇಲೆ ಹಗುರವಾಯಿತು. ಪ್ರಾಣಿಗಳನ್ನೂ ಈ ಕರುಣೆಯ ಒಳಗೆ ಸೇರಿಸಬೇಕೆಂದು ಆತ 1840ರ ತನ್ನ ನೀತಿಪ್ರಬಂಧದಲ್ಲಿ ಬಲವಾಗಿ ವಾದಿಸಿದ್ದಾನೆ; ಆ ಕಾಲದ ಯುರೋಪಿನಲ್ಲಿ ಅದು ಸಣ್ಣ ಮಾತಾಗಿರಲಿಲ್ಲ. ಹಾಗಾಗಿ 59ಕ್ಕೆ ನಿಲ್ಲಿಸಬೇಡಿ. ಆಸ್ಪತ್ರೆ, ಸೆರೆಮನೆ, ರಣರಂಗಗಳ ಮೂಲಕ ಓದುಗನನ್ನು ನಡೆಸುವ ಆ ಪರಿಚ್ಛೇದದಲ್ಲಿ ಪುಸ್ತಕ ಮುಚ್ಚಿದವರಿಗೆ ಅರ್ಧ ಶೋಪೆನ್‌ಹಾವರ್ ಮಾತ್ರ ಸಿಗುತ್ತಾನೆ.

ಆತ ಆತ್ಮಹತ್ಯೆಯನ್ನು ಬೋಧಿಸುತ್ತಾನೆಂಬ ಮಾತು ನಮ್ಮ ಓದುಗರ ಗುಂಪಿನಲ್ಲೂ ಒಮ್ಮೆ ಬಂದಿತ್ತು. ಅದು ತಪ್ಪು. 69ನೆಯ ಪರಿಚ್ಛೇದ ಅದಕ್ಕೆ ನೇರ ಉತ್ತರ: ಪ್ರಾಣ ಕಳೆದುಕೊಳ್ಳುವವನು ಬದುಕನ್ನು ಬೇಡವೆನ್ನುತ್ತಿಲ್ಲ, ತನಗೆ ಬಂದ ಪರಿಸ್ಥಿತಿಯನ್ನು ಮಾತ್ರ ಬೇಡವೆನ್ನುತ್ತಿದ್ದಾನೆ, ಆದ್ದರಿಂದ ಅಲ್ಲಿ ತುಡಿತ ಸೋತಿಲ್ಲ, ಗೆದ್ದಿದೆ. ಆದರೂ ಒಂದು ಮಾತನ್ನು ಕಳಕಳಿಯಿಂದ ಹೇಳುತ್ತೇನೆ. ನಿಮ್ಮ ಭಾರ ಪುಸ್ತಕ ಮುಚ್ಚಿದ ಮೇಲೂ ಇಳಿಯುತ್ತಿಲ್ಲವಾದರೆ, ನಿದ್ದೆ ಊಟಗಳು ಕೆಡುತ್ತಿದ್ದರೆ, ಓದನ್ನು ನಿಲ್ಲಿಸಿ, ಮನೆಯವರೊಡನೆ ಅಥವಾ ವೈದ್ಯರೊಡನೆ ಮಾತನಾಡಿ. ಪುಸ್ತಕ ಎಲ್ಲಿಗೂ ಹೋಗುವುದಿಲ್ಲ.

ನಾನು ಆತನ ಎಲ್ಲ ಮಾತುಗಳನ್ನೂ ಒಪ್ಪುವವನಲ್ಲ. ನನ್ನ ದೇಹದ ಒಳಗೆ ಕಂಡದ್ದನ್ನು ಕಲ್ಲಿಗೂ ನೀರಿಗೂ ಹಬ್ಬಿಸುವ 19ನೆಯ ಪರಿಚ್ಛೇದದ ಹೆಜ್ಜೆ ನನಗೆ ಸಾದೃಶ್ಯದಂತೆ ಕಾಣುತ್ತದೆಯೇ ಹೊರತು ಪ್ರಮಾಣದಂತಲ್ಲ. ಪ್ರತಿ ಕೊರತೆಯೂ ನೋವೇ ಎಂಬುದನ್ನೂ ನಾನು ಒಪ್ಪಲಾರೆ. ಹಸಿದು ಮನೆಗೆ ಬರುವಾಗ ಒಗ್ಗರಣೆಯ ವಾಸನೆ ಮೂಗಿಗೆ ಬಿದ್ದರೆ ಆ ಹಸಿವೇ ಒಂದು ಸುಖ. ಹೆಂಗಸರ ಬಗ್ಗೆ 1851ರಲ್ಲಿ ಆತ ಬರೆದ ಪ್ರಬಂಧ ಅನ್ಯಾಯದ್ದು, ಅದಕ್ಕೆ ಸಮರ್ಥನೆಯಿಲ್ಲ. ಬರ್ಲಿನ್‌ನಲ್ಲಿ ನೆರೆಯ ದರ್ಜಿ ಹೆಂಗಸೊಬ್ಬಳನ್ನು ತಳ್ಳಿ ಗಾಯಗೊಳಿಸಿದ್ದಕ್ಕಾಗಿ ನ್ಯಾಯಾಲಯದ ಆದೇಶದಂತೆ ಆಕೆ ಬದುಕಿರುವವರೆಗೂ ವರ್ಷಕ್ಕೆ 60 ಥಾಲರ್ (ಆ ಕಾಲದ ಜರ್ಮನ್ ನಾಣ್ಯ) ಕೊಡಬೇಕಾಗಿ ಬಂದವನೂ ಇದೇ ಕರುಣೆಯ ತತ್ತ್ವಜ್ಞಾನಿ. ಸಂತ ತತ್ತ್ವಜ್ಞಾನಿಯಾಗಿರಬೇಕಿಲ್ಲ, ತತ್ತ್ವಜ್ಞಾನಿ ಸಂತನಾಗಿರಬೇಕಿಲ್ಲ ಎಂದು ಆತನೇ 68ರಲ್ಲಿ ಬರೆದಿದ್ದಾನೆ. ಆ ಉತ್ತರ ನನಗೆ ಪೂರ್ತಿ ಸಮಾಧಾನ ಕೊಟ್ಟಿಲ್ಲ.

ಕೊನೆಗೆ ಅನುವಾದದ ವಿಷಯ. 1883–86ರ ಹಾಲ್ಡೇನ್ ಮತ್ತು ಕೆಂಪ್ ಅನುವಾದ ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಆದರೆ ಅದು ‘ಪ್ರತೀತಿ’ಯನ್ನು ‘ಐಡಿಯಾ’ ಎಂದು ಕರೆಯುವುದರಿಂದ ಪ್ಲೇಟೋನ ಐಡಿಯಾಗಳು, ಅಂದರೆ ವಸ್ತುಗಳ ಶಾಶ್ವತ ಮಾದರಿಗಳು, ಬರುವ ಮೂರನೆಯ ಭಾಗದಲ್ಲಿ ಗೊಂದಲವಾಗುತ್ತದೆ. ನಿಮ್ಮ ಬಳಿ ಇರುವುದು 1958ರ ಪೇನ್ ಅನುವಾದವಾದ್ದರಿಂದ ಆ ತೊಂದರೆಯಿಲ್ಲ. ಓದುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು, ಪ್ರತಿ ಪರಿಚ್ಛೇದಕ್ಕೆ ಎರಡೇ ವಾಕ್ಯಗಳನ್ನು ನಿಮ್ಮದೇ ಕನ್ನಡದಲ್ಲಿ ಬರೆಯಿರಿ. ಬರೆಯಲಾಗದಿದ್ದರೆ ಮರುದಿನ ಅದೇ ಪರಿಚ್ಛೇದವನ್ನು ಮತ್ತೆ ಓದಿ. ಈ ವಾರ 17 ಮತ್ತು 18ನ್ನಷ್ಟೇ ಮುಗಿಸಿ, 18ಕ್ಕೆ ನೀವು ಬರೆದ ಎರಡು ವಾಕ್ಯಗಳನ್ನು ಇಲ್ಲಿ ಹಾಕಿ. ನನ್ನ ಹಳೆಯ ಟಿಪ್ಪಣಿಯನ್ನು ಅದರ ಪಕ್ಕದಲ್ಲಿಟ್ಟು ನೋಡೋಣ. ‘ತುಡಿತ’ಕ್ಕಿಂತ ಒಳ್ಳೆಯ ಪದ ನಿಮಗೆ ಹೊಳೆದರೆ ನಾನು ಅದನ್ನೇ ಬಳಸುತ್ತೇನೆ.