ಆಟಿ ಹಿಡಿಯುವ ಮೊದಲೇ ಹೊರಡಿ

ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ: ಕೆನಡಾದ ಪಿ.ಆರ್. (ಕಾಯಂ ವಾಸದ ಅನುಮತಿ) ಸಿಕ್ಕಿದೆ, ಬರುವ ಫೆಬ್ರವರಿಯೊಳಗೆ ಅಲ್ಲಿ ಇಳಿಯಬೇಕು. ಯಜಮಾನರಿಗೆ ಟೊರೊಂಟೊದಲ್ಲಿ ಕೆಲಸದ ಪತ್ರವೂ ಬಂದಿದೆ, ಸೇರುವ ತಾರೀಖು ನಮ್ಮ ಅನುಕೂಲಕ್ಕೆ ಬಿಟ್ಟದ್ದು. ಮಗಳು ನಾಲ್ಕನೇ ತರಗತಿ, ಮಗನಿಗೆ ಈ ವರ್ಷ ನಾಲ್ಕು ತುಂಬುತ್ತದೆ. ಸಂಕ್ರಾಂತಿ ಮುಗಿಸಿ ಜನವರಿಯಲ್ಲಿ ಹೋಗೋಣ ಎನ್ನುತ್ತಾರೆ ಇವರು. ಮಳೆಗಾಲವೆಂದರೆ ಅತ್ತೆಯವರು "ಆಟಿಯಲ್ಲಿ ಮನೆ ಬಿಟ್ಟು ಹೊರಡಬಾರದು" ಎಂದು ಪಟ್ಟು ಹಿಡಿದಿದ್ದಾರೆ. ಯಾವ ತಿಂಗಳು ಸರಿ?

ಜುಲೈ ತಿಂಗಳ ಮೊದಲ ಹದಿನೈದು ದಿನ. ತುಳುವರ ಆಟಿ ತಿಂಗಳು ಹಿಡಿಯುವ ಕರ್ಕ ಸಂಕ್ರಮಣ ಬರುವುದು 17ರ ಆಸುಪಾಸು, ಅಷ್ಟರೊಳಗೆ ವಿಮಾನ ಹತ್ತಿದರೆ ಅತ್ತೆಯವರ ಮಾತೂ ಉಳಿಯಿತು. ಟಿಕೆಟ್ ನಾಲ್ಕು ದಿನ ಆಚೆ ಸಿಕ್ಕಿದರೆ, ಒಳ್ಳೆಯ ದಿನ ನೋಡಿ ಪಕ್ಕದ ಮನೆಯಲ್ಲಿ ಪ್ರಸ್ಥಾನ (ಪ್ರಯಾಣದ ಸಾಮಾನಿನ ಒಂದು ಗಂಟು) ಇಡುವ ಪದ್ಧತಿ ಇದ್ದೇ ಇದೆ. ಹಿರಿಯರು ಮಾಡಿಟ್ಟ ದಾರಿ, ಬಳಸಿಕೊಳ್ಳಿ.

ಚಳಿಯ ಲೆಕ್ಕದಲ್ಲಿ ತಿಂಗಳು ಆರಿಸಬೇಡಿ. ಯಾವಾಗ ಹೋದರೂ ಚಳಿಗಾಲ ಬಂದೇ ಬರುತ್ತದೆ. ಅದು ಬರುವ ಹೊತ್ತಿಗೆ ಮನೆ, ಶಾಲೆ, ಲೈಸೆನ್ಸ್ ಆಗಿರಬೇಕು, ಅಷ್ಟೆ. ಜನವರಿಯಲ್ಲಿ ಇಳಿದರೆ ಹಗಲು ಒಂಬತ್ತು ಗಂಟೆ ಚಿಲ್ಲರೆ, ಸಂಜೆ ಐದರ ಸುಮಾರಿಗೆ ಕತ್ತಲು. ಎರಡು ಮಕ್ಕಳನ್ನು ಕಟ್ಟಿಕೊಂಡು ಮನೆ ಹುಡುಕುತ್ತಾ ಮಂಜುಗಡ್ಡೆ ಕಟ್ಟಿದ ಫುಟ್‌ಪಾತಿನಲ್ಲಿ ಅಲೆಯಬೇಕು. ಬಾಡಿಗೆ ಆಗ ಸ್ವಲ್ಪ ಇಳಿದಿರುತ್ತದೆ ಎಂಬುದು ನಿಜ. ಆದರೆ ಸಿಗುವ ಮನೆಗಳೂ ಕಡಿಮೆ.

ಮನೆಯ ವಿಷಯ ಹೀಗೆ. ಟೊರೊಂಟೊ ಇರುವ ಒಂಟಾರಿಯೊ ಪ್ರಾಂತದಲ್ಲಿ ಬಾಡಿಗೆದಾರರು ಸಾಮಾನ್ಯವಾಗಿ 60 ದಿನ ಮೊದಲು, ತಿಂಗಳ ಕೊನೆಗೆ ಹೊಂದುವಂತೆ, ನೋಟಿಸ್ ಕೊಟ್ಟು ಖಾಲಿ ಮಾಡಬೇಕು. ಆಗಸ್ಟ್ 31ಕ್ಕೆ ಬಿಡುವವರು ಜುಲೈ ಆರಂಭದೊಳಗೆ ತಿಳಿಸಿರುತ್ತಾರೆ. ಸೆಪ್ಟೆಂಬರ್ 1ಕ್ಕೆ ಸಿಗುವ ಮನೆಗಳು ನೀವು ಇಳಿದ ವಾರಗಳಲ್ಲೇ ಜಾಹೀರಾತಿಗೆ ಬರುತ್ತವೆ. ಅಲ್ಲಿಯವರೆಗೆ ತಾತ್ಕಾಲಿಕ ವಸತಿಗೆ ಹಣ ತೆಗೆದಿಡಿ. ನಮ್ಮಲ್ಲಿಯ ಹಾಗೆ ದೊಡ್ಡ ಡಿಪಾಸಿಟ್ ಇಲ್ಲ, ಮೊದಲ ತಿಂಗಳಿನದು ಮತ್ತು ಕೊನೆಯ ತಿಂಗಳಿನದು ಕೇಳುತ್ತಾರೆ. ಹೊಸಬರೆಂದು ಆರು ತಿಂಗಳದ್ದು ಮುಂಗಡ ಕೇಳಿದರೆ ಹೆದರಬೇಡಿ. ಒಂದು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಕೇಳಲು ಅಲ್ಲಿಯ ಕಾನೂನು ಬಿಡುವುದಿಲ್ಲ. ಕೆಲಸದ ಪತ್ರ ಮುಂದಿಡಿ.

ಶಾಲೆ ತೆರೆಯುವುದು ಸೆಪ್ಟೆಂಬರ್ ಮೊದಲ ಸೋಮವಾರದ ಕಾರ್ಮಿಕ ದಿನ ಕಳೆದ ಮೇಲೆ. ತರಗತಿ ನಿರ್ಧಾರವಾಗುವುದು ಹುಟ್ಟಿದ ವರ್ಷದಿಂದ. ಈ ವರ್ಷ ನಾಲ್ಕು ತುಂಬುವ ನಿಮ್ಮ ಮಗನಿಗೂ ಅಲ್ಲಿ ಇಡೀ ದಿನದ ಶಿಶುವಿಹಾರ ಪುಕ್ಕಟೆ. ಸರಕಾರಿ ಶಾಲೆ ವಿಳಾಸದ ಮೇಲೆ ಸಿಗುವುದರಿಂದ ಮೊದಲು ಮನೆ, ಆಮೇಲೆ ಶಾಲೆ. ಇಲ್ಲಿ ಏಪ್ರಿಲ್ ಕೊನೆಯ ಫಲಿತಾಂಶ ಬಂದೊಡನೆ ಲೀವಿಂಗ್ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಿ, ಜೂನ್‌ನ ಹೊಸ ಫೀ ಕಟ್ಟಬೇಡಿ. ದಾಖಲೆ ಮರಾಠಿಯಲ್ಲಿದ್ದರೆ ಇಂಗ್ಲಿಷ್ ಅನುವಾದ ಮಾಡಿಸಿ.

ಹೆಚ್ಚಿನವರು ಎಡವುವುದು ಲಸಿಕೆಯಲ್ಲಿ. ಒಂಟಾರಿಯೊದ ಶಾಲೆಗಳಲ್ಲಿ ದಡಾರ, ರುಬೆಲ್ಲಾ ಜೊತೆಗೆ ಮಂಪ್ಸ್ (ಮಂಗನಬಾವು) ಮತ್ತು ಚಿಕನ್ ಪಾಕ್ಸ್ (ಸೀತಾಳೆ ಸಿಡುಬು) ಲಸಿಕೆಯ ದಾಖಲೆಯೂ ಬೇಕು. ನಮ್ಮ ಸರಕಾರಿ ಪಟ್ಟಿಯಲ್ಲಿರುವುದು ದಡಾರ-ರುಬೆಲ್ಲಾದ ಎಂ.ಆರ್., ಅದರಲ್ಲಿ ಮಂಪ್ಸ್ ಇಲ್ಲ. ಚಿಕನ್ ಪಾಕ್ಸಿನದಂತೂ ಪಟ್ಟಿಯಲ್ಲೇ ಇಲ್ಲ, ಖಾಸಗಿ ಡಾಕ್ಟರ ಬಳಿ ಹಾಕಿಸಿದರೆ ಉಂಟು. ಮಕ್ಕಳ ಕಾರ್ಡಿನಲ್ಲಿ ಮಂಪ್ಸ್ ಕೂಡ ಸೇರಿದ ಎಂ.ಎಂ.ಆರ್. ಎಂದು ಬರೆದಿದೆಯೋ ನೋಡಿ. ಚಿಕನ್ ಪಾಕ್ಸಿನ ಎರಡು ಡೋಸ್‌ಗಳ ನಡುವೆ ಈ ವಯಸ್ಸಿನವರಿಗೆ ಮೂರು ತಿಂಗಳ ಅಂತರ ಇಡುತ್ತಾರೆ. ಆದ್ದರಿಂದ ಮಾರ್ಚ್‌ನಲ್ಲೇ ಶುರು ಮಾಡಿ. ತಾರೀಖು, ಲಸಿಕೆಯ ಹೆಸರು ಇಂಗ್ಲಿಷಿನಲ್ಲಿ, ಡಾಕ್ಟರ ಸಹಿ ಮೊಹರಿನೊಂದಿಗೆ ಇರಲಿ.

ತೆರಿಗೆಯೂ ಜುಲೈ ಪರವಾಗಿಯೇ ಇದೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ 28ರವರೆಗೆ ಎಣಿಸಿದರೆ 181 ದಿನ. ಉದ್ಯೋಗಕ್ಕಾಗಿ ದೇಶ ಬಿಟ್ಟವರು ಆ ಆರ್ಥಿಕ ವರ್ಷದಲ್ಲಿ ಇಲ್ಲಿ 182 ದಿನ ತುಂಬದಿದ್ದರೆ ಅನಿವಾಸಿ, ಅಲ್ಲಿ ದುಡಿದು ಅಲ್ಲೇ ಪಡೆದ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ. ಜನವರಿಯಲ್ಲಿ ಹೊರಟರೆ ಮಾರ್ಚ್‌ವರೆಗಿನ ಕೆನಡಾದ ಸಂಬಳವನ್ನೂ ಇಲ್ಲಿಯ ರಿಟರ್ನ್‌ನಲ್ಲಿ ತೋರಿಸಿ, ಅಲ್ಲಿ ಕಟ್ಟಿದ ತೆರಿಗೆಯನ್ನು ವಜಾ ಮಾಡಿಸಿಕೊಳ್ಳುವ ರಗಳೆ. ಒಂದು ಎಚ್ಚರಿಕೆ: ಈ ರಿಯಾಯಿತಿ ಉದ್ಯೋಗಕ್ಕೆ ಹೊರಡುವ ಯಜಮಾನರಿಗೆ, ಜೊತೆಗೆ ಹೋಗುವ ನಿಮಗೆ 60 ದಿನದ ಬೇರೆ ಲೆಕ್ಕ ಬರಬಹುದು. ನಿಮ್ಮ ಹೆಸರಿನಲ್ಲಿ ಎಫ್.ಡಿ. ಅಥವಾ ಬಾಡಿಗೆ ಆದಾಯ ಇದ್ದರೆ ಸಿ.ಎ. ಹತ್ತಿರ ಕೇಳಿಯೇ ಮುಂದುವರಿಯಿರಿ.

ಮೊದಲ ಸಲ ಇಳಿಯುವಾಗ ಕಸ್ಟಮ್ಸ್‌ಗೆ ಎರಡು ಪಟ್ಟಿ ಕೊಡಬೇಕು: ಜೊತೆಗೆ ತಂದದ್ದು, ಆಮೇಲೆ ಬರುವುದು. ಊರಿನಲ್ಲಿ ಬಿಟ್ಟು ಹೋಗುವ ಕರಿಮಣಿ, ಬಳೆ, ಸರ ಎರಡನೆಯದರಲ್ಲಿ ಬರಲಿ, ಒಂದೊಂದರ ಫೋಟೊ ಮತ್ತು ಮೌಲ್ಯದ ಚೀಟಿ ಸಮೇತ. ಪಟ್ಟಿಯಲ್ಲಿ ಇಲ್ಲದ್ದನ್ನು ಮುಂದೆ ತಂದರೆ ಸುಂಕ ಕೇಳಬಹುದು. ಕೈಯಲ್ಲಿ 10,000 ಕೆನಡಾ ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಅದನ್ನೂ ಹೇಳಲೇಬೇಕು.

ದಪ್ಪ ಕೋಟು ಇಲ್ಲಿ ಕೊಳ್ಳಬೇಡಿ, ದಾದರಿನಲ್ಲಿ ಸಿಗುವುದು ಮಹಾಬಳೇಶ್ವರಕ್ಕೆ ಸಾಕು, ಅಲ್ಲಿಗಲ್ಲ. ಯಜಮಾನರ ಡ್ರೈವಿಂಗ್ ಲೈಸೆನ್ಸಿನ ಅನುಭವ ತೋರಿಸುವ ಪತ್ರವನ್ನು ಆರ್.ಟಿ.ಒ.ದಿಂದ ಮೊದಲೇ ತೆಗೆಸಿ. ಅದಿದ್ದರೆ ಅಲ್ಲಿಯ ಕಾಯುವ ಅವಧಿ ಕಡಿಮೆಯಾಗುತ್ತದೆ, ಹಿಮ ಬೀಳುವ ಮೊದಲೇ ರಸ್ತೆ ಪರೀಕ್ಷೆ ಮುಗಿಸಬಹುದು.

ಇನ್ನು ಜುಲೈಯ ಮಳೆ. ಹಪ್ಪಳ, ಸಂಡಿಗೆ ಮೇ ಬಿಸಿಲಿನಲ್ಲೇ ಒಣಗಿಸಿ ಗಾಳಿಯಾಡದಂತೆ ಕಟ್ಟಿಡಿ, ಜುಲೈಯಲ್ಲಿ ಕಟ್ಟಿದರೆ ಬೂಸರು. ಮುಂಬಯಿ ಮಹಾನಗರಪಾಲಿಕೆ ಮಳೆಗಾಲಕ್ಕೆ ಮುಂಚೆ ಪ್ರಕಟಿಸುವ ದೊಡ್ಡ ಉಬ್ಬರದ ದಿನಗಳ ಪಟ್ಟಿ ನೋಡಿ, ನಾಲ್ಕೂವರೆ ಮೀಟರ್ ದಾಟುವ ದಿನ ಬಿಟ್ಟು ಟಿಕೆಟ್ ಮಾಡಿ. ಉಬ್ಬರಕ್ಕೂ ಜೋರು ಮಳೆಗೂ ಗಂಟುಬಿದ್ದರೆ ಸಯನ್, ಕುರ್ಲಾದಲ್ಲಿ ಹಳಿ ಮುಳುಗುತ್ತದೆ, ರಸ್ತೆಯೂ ನಿಲ್ಲುತ್ತದೆ. ರಾತ್ರಿಯ ವಿಮಾನವಾದರೂ ಮಧ್ಯಾಹ್ನವೇ ಸಹಾರ್ ವಿಮಾನ ನಿಲ್ದಾಣದ ಹತ್ತಿರದ ನೆಂಟರ ಮನೆ ಸೇರಿಕೊಳ್ಳಿ.